ನಮ್ಮ ಕಾರಿನ ಗಾಲಿಗೆ ಬಣ್ಣ ಬಂದದ್ದು

ಮನೆಯ ಕಾರು ಯಾರದೆಂದು ತಿಳಿಯಬೇಕಾದರೆ ಅದರ ಕಾಗದಪತ್ರ ನೋಡಬಾರದು, ಬೆಳಿಗ್ಗೆ ಎದ್ದು ಅದನ್ನು ಒರೆಸುವವರು ಯಾರೆಂದು ನೋಡಬೇಕು ಎಂಬುದು ನನ್ನ ವಾದ. ಈ ವಾದವನ್ನು ಇದುವರೆಗೆ ಯಾರೂ ಒಪ್ಪಿಲ್ಲ. ನಮ್ಮ ಕಾರು ನನ್ನ ಹೆಂಡತಿ ಸುಮಂಗಲಾಳ ಹೆಸರಿನಲ್ಲಿದೆ. ಓಡಿಸುವವಳೂ ಅವಳೇ. ಹೊನವಾಡದ ಸರ್ಕಾರಿ ಶಾಲೆಯಲ್ಲಿ ಅವಳು ಮುಖ್ಯೋಪಾಧ್ಯಾಯಿನಿ. ವಿಜಯಪುರದ ಅಥಣಿ ರಸ್ತೆಯ ನಮ್ಮ ಬಡಾವಣೆಯಿಂದ ದಿನವೂ ಕಾರಿನಲ್ಲಿ ಹೋಗಿ ಬರುತ್ತಾಳೆ. ವಿಮಾ ಕಚೇರಿಯ ಗುಮಾಸ್ತನಾದ ನನಗೆ ಸ್ಕೂಟರ್ ಸಾಕು. ಕಾರು ಕಲಿಯುವ ಪ್ರಯತ್ನ ನಾನೂ ಮಾಡಿದ್ದುಂಟು. ಒಂದು ಭಾನುವಾರ ಭೂತನಾಳ ಕೆರೆಯ ದಾರಿಯಲ್ಲಿ ಎದುರಿಗೆ ಬಂದ ಎಮ್ಮೆಗೆ ನಾನು ದಾರಿ ಬಿಟ್ಟುಕೊಟ್ಟೆ. ಎಮ್ಮೆಯೂ ಮರ್ಯಾದಸ್ಥ ಎಮ್ಮೆ, ಅದೂ ನನಗೆ ದಾರಿ ಬಿಟ್ಟುಕೊಟ್ಟಿತು. ಇಬ್ಬರೂ ಒಂದೇ ಕಡೆಗೆ ಸರಿದದ್ದರಿಂದ ಹೆಡ್‌ಲೈಟು ಒಡೆಯಿತು. ಎಮ್ಮೆಗೆ ಏನೂ ಆಗಲಿಲ್ಲ. ಅಂದಿನಿಂದ ಕಾರಿನ ಒಳಗಿನ ಆಡಳಿತವನ್ನೆಲ್ಲ ಹೆಂಡತಿಗೆ ಬಿಟ್ಟು, ನಾನು ಹೊರಗಿನ ಸೇವೆಗೆ ನಿಂತೆ. ತೊಳೆಯುವುದು, ಒರೆಸುವುದು, ಗಾಜಿಗೆ ಅಂಟಿದ ಹಕ್ಕಿಯ ಪ್ರಸಾದ ಕೆರೆಯುವುದು ನನ್ನ ಖಾತೆ.

ಆದ್ದರಿಂದ ಗಾಲಿಯ ರಿಮ್ಮುಗಳು ಮಂಕಾದಾಗ ಅದರ ಅಪವಾದವೂ ನನ್ನ ತಲೆಗೇ ಬಂತು. ಕೊಂಡಾಗ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದ ರಿಮ್ಮುಗಳು ಅವು. ನಮ್ಮ ಬಿಸಿಲು, ನಮ್ಮ ಎರೆ ಮಣ್ಣು, ನಮ್ಮ ಬೋರಿನ ಉಪ್ಪುನೀರು ಮೂರೂ ಸೇರಿ ಅವುಗಳ ಮೈಮೇಲೆ ಬಿಳಿ ಕಲೆ ಎಬ್ಬಿಸಿದ್ದವು. ಉಪ್ಪುನೀರಿನ ಕಲೆ ಬಚ್ಚಲಿನಲ್ಲಿ ಹೋಗುವುದಾದರೆ ಕಾರಿನಲ್ಲಿ ಏಕೆ ಹೋಗಬಾರದು ಎಂದು ಯೋಚಿಸಿ, ಬಚ್ಚಲು ತಿಕ್ಕುವ ಆಸಿಡ್ ತಂದು ಒಂದು ಕೈ ತಿಕ್ಕಿದೆ. ಕಲೆ ಹೋಯಿತು. ಅದರ ಜೊತೆಗೆ ರಿಮ್ಮಿನ ಮೇಲಿದ್ದ ಹೊಳಪಿನ ಪದರವೂ ಹೋಗಿ, ಎಲ್ಲ ಗಾಲಿಗಳೂ ಬೂದಿ ಬಡಿದುಕೊಂಡ ಬೈರಾಗಿಗಳ ಹಾಗೆ ಕಂಡವು. ಸುಮಂಗಲಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಒಂದ ನಮೂನಿ ಆಗ್ಯಾವ ಬಿಡ್ರಿ, ಮೊದಲ ಚಿಕ್ಕಿ ಚಿಕ್ಕಿ ಇದ್ವು" ಎಂದು ಸಮಾಧಾನ ಹೇಳಿದಳು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ಪಲ್ಲವಿಯ ಮದುವೆ ಗೊತ್ತಾಗದಿದ್ದರೆ. ಪಲ್ಲವಿ ಸುಮಂಗಲಾಳ ತಮ್ಮ ಬಸವರಾಜನ ಮಗಳು. ಬಬಲೇಶ್ವರದಲ್ಲಿ ಬಸವರಾಜನದು ಗೊಬ್ಬರ, ಬೀಜದ ದೊಡ್ಡ ಅಂಗಡಿ. ಮಗಳು ವಿಜಯಪುರದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜು ಮುಗಿಸಿದವಳು. ಸೋದರತ್ತೆಯಿಂದ ಕಾರು ಕಲಿತದ್ದೂ ಈ ನಮ್ಮ ಕಾರಿನಲ್ಲೇ. ತಿಕೋಟಾದ ಹುಡುಗನೊಂದಿಗೆ ಮದುವೆ ನಿಶ್ಚಯವಾದಾಗ ಅವಳು ಒಂದೇ ಒಂದು ಬೇಡಿಕೆ ಇಟ್ಟಳು: ಲಗ್ನದ ದಿನ ತಿಕೋಟಾದ ಮಂಟಪಕ್ಕೆ ತಾನು ಅತ್ತೆಯ ಕಾರಿನಲ್ಲೇ ಹೋಗಬೇಕು, ಅದನ್ನು ತಾನೇ ಓಡಿಸಿಕೊಂಡು ಹೋಗಬೇಕು. ಇತ್ತೀಚೆಗಷ್ಟೆ ದೊಡ್ಡ ಹೊಸ ಕಾರು ಕೊಂಡಿದ್ದ ಬಸವರಾಜನಿಗೆ ಇದು ಎದೆಗೆ ನಾಟಿತು. ಮಾತುಕತೆಗೆಂದು ನಮ್ಮ ಮನೆಗೆ ಬಂದವನು ಒಳಗೆ ಬರುವ ಮೊದಲೇ ಕಾರಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತ.

"ಮಾವಾರ, ಮದುಮಗಳು ಗಾಡಿ ಹೊಡ್ಕೊಂಡ ಹೋಗೂದು ಒಂದ ಸುದ್ದಿ ಆತು. ಅದ್ರಾಗ ಇಂಥಾ ಗಾಲಿ ನೋಡಿದ್ರ ಬೀಗರು ಏನ ತಿಳ್ಕೋಬೇಕ್ರಿ? ಅಪ್ಪನ ಮನ್ಯಾಗ ಗಾಡಿಗೆ ಸೈತ ಬಣ್ಣಿಲ್ಲ ಅಂದ್ರ?"

"ಗಾಲಿ ಹೊಳೆದ್ರ ಒಪ್ತೀಯೇನು?" ಎಂದು ಸುಮಂಗಲಾ ಕೇಳಿದಳು.

"ಹೊಳೀಲಿ ನೋಡೂಣು. ಇಲ್ಲಂದ್ರ ನನ್ನ ಗಾಡಿ ಐತಿ, ಡ್ರೈವರ್ ಅದಾನ. ಅಕಿ ಹಿಂದ ಕುಂತ ಬರ್ಲಿ."

ಪಲ್ಲವಿ ಅಂದು ಸಂಜೆ ನನಗೆ ಫೋನ್ ಮಾಡಿದಳು. "ಮಾಮಾ, ನಿನ್ನ ಕೈಯಾಗ ಐತಿ ನೋಡು" ಎಂದಳು, ಅಷ್ಟೆ. ಆ ಹುಡುಗಿ ಏನನ್ನೂ ಸುಲಭವಾಗಿ ಕೇಳುವವಳಲ್ಲ. ನಮಗೆ ಮಕ್ಕಳಿಲ್ಲ. ಅವಳು ಮನೆಯಲ್ಲಿದ್ದ ವರ್ಷಗಳಲ್ಲಿ ನಮ್ಮ ಮನೆಯ ಟಿ.ವಿ.ಯ ಸದ್ದು ಎಷ್ಟಿರಬೇಕು, ಸಾರಿಗೆ ಎಷ್ಟು ಖಾರ ಇರಬೇಕು ಎಂಬುದನ್ನೆಲ್ಲ ನಿರ್ಧರಿಸುತ್ತಿದ್ದವಳು ಅವಳೇ. ಅಂಥವಳು ಮದುಮಗಳಾಗಿ ನನ್ನ ಮುಂದೆ ಕೈಯೊಡ್ಡಿದಾಗ ನಾನು, "ಕನ್ನಡಿ ಮಾಡ್ತೇನಿ ತಗೋ" ಎಂದು ಮಾತು ಕೊಟ್ಟುಬಿಟ್ಟೆ.

ಮೊಬೈಲಿನಲ್ಲಿ ಗಾಲಿಗೆ ಬಣ್ಣ ಬಳಿಯುವ ವಿಡಿಯೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಳಿಯುವವನ ಅಂಗಿಗೆ ಕಲೆ ಬೀಳುವುದಿಲ್ಲ, ಗಾಳಿ ಬೀಸುವುದಿಲ್ಲ, ಪಕ್ಕದ ಮನೆಯವರು ಇಣುಕಿ ನೋಡುವುದಿಲ್ಲ. ಭಾನುವಾರ ಬೆಳಿಗ್ಗೆ ಪಾಲಿಶ್ ಪೇಪರ್, ಪ್ರೈಮರ್, ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿ ತಂದು ಅಂಗಳದಲ್ಲಿ ಪೂಜೆಗೆ ಕೂತವನ ಹಾಗೆ ಕೂತೆ. ಮೊದಲ ಗಾಲಿಯ ಟೈರಿಗೆ ಹಳೆಯ ಪತ್ರಿಕೆ ಸುತ್ತಿ, ರಿಮ್ಮನ್ನು ನೀರು ಹಾಕಿ ಹಾಕಿ ಉಜ್ಜಿದೆ. ಉಜ್ಜುವಾಗ ಕಣ್ಣಿಗೆ ಬಿದ್ದ ಸುದ್ದಿಗಳನ್ನೆಲ್ಲ ಓದಿದ್ದರಿಂದ ಕೆಲಸ ನಿಧಾನವಾಯಿತು. ಪ್ರೈಮರ್ ಒಣಗಿದ ಮೇಲೆ ಸ್ಪ್ರೇ ಡಬ್ಬಿ ಚೆನ್ನಾಗಿ ಕುಲುಕಿ, ಉಸಿರು ಬಿಗಿಹಿಡಿದು ಒತ್ತಿದೆ.

ನಮ್ಮ ಮನೆಗೂ ಗಂಗಾಬಾಯಿಯವರ ಮನೆಗೂ ನಡುವೆ ಒಂದು ಖಾಲಿ ಸೈಟಿದೆ. ಬೇಸಿಗೆಯಲ್ಲಿ ಗಾಳಿ ಆ ಸೈಟನ್ನು ತನ್ನ ಸ್ವಂತ ಆಸ್ತಿ ಮಾಡಿಕೊಂಡಿರುತ್ತದೆ. ನಾನು ಡಬ್ಬಿ ಒತ್ತುವುದಕ್ಕೂ ಅದು ಬೀಸುವುದಕ್ಕೂ ಸರಿಹೋಯಿತು. ಬೆಳ್ಳಿಯ ಒಂದು ಮೋಡ ಎದ್ದು, ಸೈಟು ದಾಟಿ, ಗಂಗಾಬಾಯಿಯವರು ಹೊರಸಿನ ಮೇಲೆ ಹಳೆಯ ಸೀರೆ ಹಾಸಿ ಒಣಗಿಸಿದ್ದ ಹಪ್ಪಳಗಳ ಮೇಲೆ ಮೆಲ್ಲಗೆ ಇಳಿಯಿತು. ಎಂಬತ್ತರ ಹತ್ತಿರದ ಆ ಮುದುಕಿ ಒಂದು ಹಪ್ಪಳ ಎತ್ತಿ ಬಿಸಿಲಿಗೆ ಹಿಡಿದರು.

"ಯಪ್ಪಾ, ಪೇಡೆಕ್ಕ ಬೆಳ್ಳಿ ವರ್ಖ ಹಚ್ಚೂದು ನೋಡೇನಿ. ಹಪ್ಪಳಕ್ಕ ಹಚ್ಚೂದು ಇವತ್ತ ನೋಡಿದೆ. ನಿನ್ನ ಹೊಟ್ಟಿ ತಣ್ಣಗಿರ್ಲಿ, ಇವನ್ನ ನೀನ ತಿನ್ನೋ ನನ್ನಪ್ಪಾ!"

ಸುಮಂಗಲಾ ಹೋಗಿ ಅವರನ್ನು ಸಮಾಧಾನ ಮಾಡಿ, ಮುಂದಿನ ಭಾನುವಾರ ತಾನೇ ಬಂದು ಹಪ್ಪಳ ಲಟ್ಟಿಸಿಕೊಡುವುದಾಗಿ ಒಪ್ಪಿಕೊಂಡು ಬಂದಳು. ಅಷ್ಟರಲ್ಲಿ ರಿಮ್ಮಿನ ಮೇಲೆ ಉಳಿದಿದ್ದ ಅಷ್ಟಿಷ್ಟು ಬಣ್ಣ ಕಣ್ಣೀರಿನಂತೆ ಇಳಿದಿಳಿದು ಒಣಗಿತ್ತು. "ಗಾಲಿ ಅಳಾಕತ್ತೈತ್ರಿ" ಎಂದಳು ಅವಳು. "ನಾಳೆ ಎಲ್ಲೆರೆ ತೋರಸ್ರಿ."

ತೋರಿಸಿದ್ದು ಚಿದಾನಂದನಿಗೆ. ಊರ ಹೊರಗೆ ತಗಡಿನ ಶೆಡ್ಡಿನಲ್ಲಿ ಗಾಲಿಗಳಿಗೆ ಬಣ್ಣ ಹೊಡೆಯುವ ಅವನ ಕಾರ್ಖಾನೆ. ರೋಗಿಯ ನಾಡಿ ನೋಡುವವನಂತೆ ರಿಮ್ಮಿನ ಮೇಲೆ ಬೆರಳಾಡಿಸಿ, "ಇದಕ್ಕ ಯಾರ ಕೈ ಹಚ್ಚಿದ್ರೀ?" ಎಂದು ಕೇಳಿದ.

"ಯಾರೋ ಒಬ್ಬಾವ" ಎಂದೆ.

"ಮತ್ತ ಅವನ ಕಡೆ ಹೋಗಬ್ಯಾಡ್ರಿ. ಅವಗ ಏನೂ ಬರೂದಿಲ್ಲ."

ಹಳೆಯ ಬಣ್ಣವನ್ನೆಲ್ಲ ಕಿತ್ತು, ಪುಡಿ ಬಣ್ಣ ಹೊಡೆದು, ಭಟ್ಟಿಯಲ್ಲಿ ಬೇಯಿಸುವುದು ಅವನ ಪದ್ಧತಿ. "ಕಡಕ್ ರೊಟ್ಟಿ ಬೇಸಿದಂಗ ಬೇಸ್ತೇನ್ರಿ. ಮೊಮ್ಮಕ್ಕಳ ಕಾಲಕ್ಕೂ ಹೋಗೂದಿಲ್ಲ" ಎಂದು ಅವನು ಹೇಳಿದಾಗ ನನಗೆ ಧೈರ್ಯ ಬಂತು. ಬೆಳ್ಳಿ ಬಣ್ಣವೇ ಇರಲಿ ಎಂದು ಹೇಳಿ, ಕಾರು ಸುಮಂಗಲಾಳ ಹೆಸರಿನಲ್ಲಿರುವುದರಿಂದ ಅವಳ ಫೋನ್ ನಂಬರನ್ನೇ ಕೊಟ್ಟು ಬಂದೆ. ಗಾಲಿ ಕಳಚಿದ ಕಾರು ನಮ್ಮ ಅಂಗಳದಲ್ಲಿ ಕಲ್ಲುಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿತು. ಸುಮಂಗಲಾ ಬಸ್ಸಿನಲ್ಲಿ ಹೊನವಾಡಕ್ಕೆ ಓಡಾಡಿದಳು. ಮಕ್ಕಳು, "ಟೀಚರ್, ಕಾರ್ ಮಾರಿದ್ರೇನ್ರಿ?" ಎಂದು ಕೇಳಿದರಂತೆ. ಗಾಲಿ ನಾಳೆ, ನಾಡಿದ್ದು ಎನ್ನುತ್ತಾ ಅರಿಶಿಣದ ಶಾಸ್ತ್ರದ ಹಿಂದಿನ ದಿನದವರೆಗೂ ಬರಲಿಲ್ಲ. ಅಂದು ಸಂಜೆ ಒಂದು ಟೆಂಪೊ ಬಂದು, ಗೋಣಿತಟ್ಟು ಸುತ್ತಿದ ಗಾಲಿಗಳನ್ನು ಇಳಿಸಿ ಹೋಯಿತು.

ನಾನು ಗೋಣಿತಟ್ಟು ಬಿಚ್ಚಿದೆ. ಒಳಗಿದ್ದದ್ದು ಹಳದಿ. ಬೆಳ್ಳಿಯಲ್ಲಿ ಸ್ವಲ್ಪ ಹಳದಿ ಛಾಯೆ ಎಂದು ತಿಳಿಯಬೇಡಿ. ಹಬ್ಬದ ದಿನ ಹೊಸ್ತಿಲಿಗೆ ಬಳಿಯುತ್ತಾರಲ್ಲ, ಆ ಹಳದಿ. ಬಿಚ್ಚಿದವೆಲ್ಲವೂ ಹಾಗೇ. ಚಿದಾನಂದನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಮರುದಿನ ಬೆಳಿಗ್ಗೆ ಬಬಲೇಶ್ವರಕ್ಕೆ ಹೊರಡಬೇಕು. ಬಸವರಾಜನ ಮುಖ, ಅವನ ಕಾರಿನ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತ ಪಲ್ಲವಿಯ ಮುಖ, ಎರಡೂ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಸುಮಂಗಲಾ ಹೊರಗೆ ಬಂದಳು. ಗಾಲಿಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಹಳದಿ ಹಚ್ಚಂತ ನೀವ ಹೇಳಿದ್ರೇನ್ರಿ?"

ಮನುಷ್ಯನ ನಾಲಿಗೆ ಕೆಲವೊಮ್ಮೆ ಅವನ ಅಪ್ಪಣೆಗೆ ಕಾಯುವುದಿಲ್ಲ. "ಹೂಂ ಮತ್ತ" ಎಂದುಬಿಟ್ಟೆ. "ಬೆಳ್ಳಿ ಎಲ್ಲಾರ ಗಾಡಿಗೂ ಇರ್ತೈತಿ. ಇದು ಮದಿವಿ ಗಾಡಿ. ಮದುಮಗಳಿಗೆ ಅರಿಶಿಣ ಹಚ್ಚೂ ಹೊತ್ನ್ಯಾಗ ಅಕಿ ಗಾಡಿಗೂ ಅರಿಶಿಣ ಇರ್ಲಿ ಅಂತ."

"ಹೌದಾ" ಎಂದಳು ಅವಳು. "ಚಲೋ ವಿಚಾರ ಮಾಡೀರಿ." ಹಾಗೆಂದು ಒಳಗೆ ಹೋಗಿ ಒಲೆಯ ಮೇಲಿನ ಹಾಲು ನೋಡಿಕೊಂಡಳು.

ಬಬಲೇಶ್ವರದಲ್ಲಿ ಕಾರು ನಿಂತ ಕೂಡಲೇ ಕೆನ್ನೆಗೆಲ್ಲ ಅರಿಶಿಣ ಬಳಿದುಕೊಂಡಿದ್ದ ಪಲ್ಲವಿ ಚಪ್ಪರದಿಂದ ಓಡಿ ಬಂದಳು. ಗಾಲಿಯ ಮುಂದೆ ನಿಂತು ಅರೆಗಳಿಗೆ ಬಾಯಿ ತೆರೆದುಕೊಂಡೇ ಇದ್ದಳು.

"ಅತ್ತೀ! ಗಾಡಿಗೂ ಅರಿಶಿಣ ಹಚ್ಚೀರೇನು!" ಎಂದು ಕೂಗಿದವಳೇ ಗಾಲಿಯ ಪಕ್ಕದಲ್ಲಿ ಕೂತು, ತನ್ನ ಕೆನ್ನೆಯನ್ನು ಅದರ ಬಳಿ ಹಿಡಿದು ಫೋಟೊ ತೆಗೆಸಿಕೊಂಡಳು. ಎರಡು ಹಳದಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹೆಂಗಸರೆಲ್ಲ ಸುತ್ತುಗಟ್ಟಿದರು. ಯಾರೋ ಗಾಲಿಗಳಿಗೆ ಆರತಿಯನ್ನೂ ಬೆಳಗಿದರು. ಬಸವರಾಜ ದೂರ ನಿಂತು ತಲೆ ಕೆರೆದುಕೊಳ್ಳುತ್ತಿದ್ದವನು ಜನರ ಮುಖ ನೋಡಿ ಮನಸ್ಸು ಬದಲಿಸಿದ. "ನಮ್ಮ ಮಾವಾರ ತಲಿ ಅಂದ್ರ ತಲಿ! ಅಕಿ ಇದನ್ನ ಹೊಡ್ಕೊಂಡ ಬರ್ಲಿ" ಎಂದು ಘೋಷಿಸಿದ.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳಬಹುದಿತ್ತು. ಆದರೆ ಹೊಗಳಿಕೆ ಹುರಿಗಡಲೆ ಇದ್ದ ಹಾಗೆ, ಒಂದು ಬಾಯಿಗೆ ಹಾಕಿಕೊಂಡರೆ ಕೈ ಮತ್ತೆ ಮತ್ತೆ ಹೋಗುತ್ತದೆ. ಅರಿಶಿಣದ ಮಹತ್ವ ಹೇಳಿದೆ. ಈ ಹಳದಿಯನ್ನು ಆರಿಸಲು ಎಷ್ಟು ಛಾಯೆಗಳನ್ನು ನೋಡಿ ಬಿಟ್ಟೆನೆಂದು ಹೇಳಿದೆ. ಬಣ್ಣದವನು ಬೇಡವೆಂದರೂ ನಾನು ಪಟ್ಟು ಬಿಡಲಿಲ್ಲವೆಂದೂ ಹೇಳಿದೆ. ಸುಮಂಗಲಾ ಪಕ್ಕದಲ್ಲೇ ಕೂತು ಎಲೆ ಅಡಿಕೆ ಮಡಿಚುತ್ತಿದ್ದಳು. "ಹೌದ್ರೀ, ಎಲ್ಲಾ ಅವರ ತಲಿನ" ಎಂದು ನಡುನಡುವೆ ಸೇರಿಸುತ್ತಿದ್ದಳು.

ಮರುದಿನ ಪಲ್ಲವಿ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈತುಂಬ ಹಸಿರು ಬಳೆ ಸದ್ದು ಮಾಡುತ್ತಾ ಕಾರು ಓಡಿಸಿದಳು. ಪಕ್ಕದಲ್ಲಿ ಸುಮಂಗಲಾ, ಹಿಂದೆ ಹೂವಿನ ಬುಟ್ಟಿಯೊಂದಿಗೆ ನಾನು. ದಾರಿಯ ಊರುಗಳಲ್ಲಿ ಜನ ಕೈ ಬೀಸಿದರು. ತಿಕೋಟಾ ಹತ್ತಿರವಾದಾಗ ಅವಳ ಕಣ್ಣು ತುಂಬಿ ಬಂತು. "ಕಣ್ಣೀರ ಆಮ್ಯಾಲ, ಮೊದಲ ಬ್ರೇಕ್ ನೋಡು" ಎಂದಳು ಅತ್ತೆ. ಹುಡುಗಿ ನಕ್ಕಳು. ಮಂಟಪದ ಮುಂದೆ ಮದುಮಗ ತಾನೇ ಬಂದು ಬಾಗಿಲು ತೆರೆದ. ಬೀಗರ ಕಡೆಯ ಹೆಂಗಸರು ಚಪ್ಪಾಳೆ ತಟ್ಟಿದರು.

ಊಟವಾದ ಮೇಲೆ ಮದುಮಗನ ದೊಡ್ಡಪ್ಪ ಸಿದ್ದಪ್ಪನವರು ನನ್ನ ಕೈ ಹಿಡಿದು ಕಾರಿನ ಬಳಿಗೆ ಕರೆದೊಯ್ದರು. ದ್ರಾಕ್ಷಿ ಬೆಳೆಗಾರರು, ದೊಡ್ಡ ಮೀಸೆ, ಸಣ್ಣ ದನಿ. ಗಾಲಿಯನ್ನು ತೋರಿಸಿ, "ಸಾಹೇಬ್ರ, ಈ ಹಳದಿ ನನ್ನದ್ರಿ" ಎಂದರು.

ನನಗೆ ತಿಳಿಯಲಿಲ್ಲ.

"ದ್ರಾಕ್ಷಿಗೆ ಔಷಧ ಹೊಡೆಯೂ ಬ್ಲೋವರ್ ಐತ್ರಿ ನಂದು. ಅದರ ಗಾಲಿಗೆ ಹಳದಿ ಹೊಡಿ ಅಂತ ಚಿದಾನಂದಗ ಕೊಟ್ಟಿದ್ದೆ. ನಿಮ್ಮದಕ್ಕ ನನ್ನ ಬಣ್ಣ ಹೊಡದಾನ, ನನ್ನದಕ್ಕ ನಿಮ್ಮ ಬೆಳ್ಳಿ. 'ಇನ್ನ ಇದಕ್ಕ ಔಷಧ ತುಂಬಬ್ಯಾಡ್ರಿ, ಮ್ಯಾಲ ಕುಂತ ಮೆರವಣಿಗಿ ಮಾಡಸ್ಕೋರಿ' ಅಂತ ನಮ್ಮ ಮನ್ಯಾಗ ನಗಾಕತ್ತಾರ."

ನಾನು ಅತ್ತಿತ್ತ ನೋಡಿ, ಅವರ ಕೈ ಒತ್ತಿ, "ಗೌಡ್ರ, ಇದು ನಮ್ಮಿಬ್ಬರೊಳಗ ಇರ್ಲಿ. ನಮ್ಮ ಮನಿಯಾಕಿಗೆ ಗೊತ್ತಾದ್ರ ನನ್ನ ಮಾನ ಹೋಗ್ತೈತಿ" ಎಂದು ಪಿಸುಗುಟ್ಟಿದೆ.

ಸಿದ್ದಪ್ಪನವರು ಕಣ್ಣರಳಿಸಿದರು. "ಅಯ್ಯ, ಅವರಿಗೆ ಗೊತ್ತಿಲ್ಲೇನ್ರಿ? ತಪ್ಪಾದ ದಿನಾನ ಚಿದಾನಂದ ಅವರಿಗೆ ಫೋನ್ ಮಾಡಿ ಕೇಳ್ಯಾನ, ಬಣ್ಣ ತಗದು ಮತ್ತ ಹೊಡಿಲೇನು, ಲಗ್ನಕ್ಕ ಮುಟ್ಟೂದಿಲ್ಲ ಅಂತ. ಹಳದಿನ ಇರ್ಲಿ, ಮದಿವಿಗೆ ಒಪ್ಪತೈತಿ ಅಂತ ಬಾಯಾರ ಹೇಳ್ಯಾರ. ಅದಕ್ಕ ನಾನೂ ಸುಮ್ನಾದೆ."

ಮಂಟಪದ ಬಾಗಿಲಲ್ಲಿ ಸುಮಂಗಲಾ ಬೀಗಿತ್ತಿಯರ ನಡುವೆ ನಿಂತಿದ್ದಳು. ಅವರಲ್ಲೊಬ್ಬರು ಕಾರಿನ ಕಡೆಗೆ ಕೈ ತೋರಿಸಿ ಏನೋ ಕೇಳಿದರು. ಅವಳು ನನ್ನತ್ತ ಕೈ ತೋರಿಸಿ ಏನೋ ಹೇಳಿದಳು. ಎಲ್ಲರೂ ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ನಾನು ಕೈ ಮುಗಿದೆ, ಬೇರೆ ದಾರಿಯಿರಲಿಲ್ಲ.

ಮದುಮಗಳನ್ನು ಒಪ್ಪಿಸಿ, ಇಬ್ಬರೇ ಊರಿಗೆ ಹೊರಟೆವು. ಸುಮಂಗಲಾ ಆಗಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಗೆ ನಾನೇ ಕೇಳಿದೆ.

"ಮೊದಲ ಗೊತ್ತಿತ್ತಲ್ಲ ನಿನಗ. ಅವತ್ತ ಗಾಲಿ ಬಿಚ್ಚಿದಾಗ ಯಾಕ ಹೇಳಲಿಲ್ಲ?"

"ಹೇಳೂಣಂತ ಹೊರಗ ಬಂದಿದ್ದೆ" ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. "ಒಂದ ಮಾತ ಕೇಳಿದ್ದಕ್ಕ ನೀವ ಅರಿಶಿಣದ ಕಥಿ ಹೇಳಾಕ ಹತ್ತಿದ್ರಿ. ಕೇಳಾಕ ಚಲೋ ಅನಿಸ್ತು."

ಈಗಲೂ ನಮ್ಮ ಗೇಟಿನ ಮುಂದೆ ನಿಂತು ಗಾಲಿಗಳ ಬಣ್ಣ ಯಾರ ಆಲೋಚನೆ ಎಂದು ವಿಚಾರಿಸುವವರು ಇದ್ದಾರೆ. ಅಂಥವರು ಬಂದಾಗ ನಾನು ಮೊದಲು ಸುಮಂಗಲಾ ಎಲ್ಲಿದ್ದಾಳೆಂದು ನೋಡುತ್ತೇನೆ. ಅವಳು ಅಂಗಳದಲ್ಲಿದ್ದರೆ ನಿಜ ಹೇಳುತ್ತೇನೆ. ಒಳಗಿದ್ದರೆ ಬಂದವರಿಗೆ ಕುರ್ಚಿ ಹಾಕಿ, ಅರಿಶಿಣದ ಮಹತ್ವದಿಂದ ಶುರು ಮಾಡುತ್ತೇನೆ.