ಲೈಬ್ರರಿ ಮೇಷ್ಟ್ರು ಕಾಟ ಕೊಟ್ಟ ದಿನ

ಬರಬೇಕಾಗಿದ್ದ ಪುಂಡನಿಗೆ ಗಂಟಲು ಕಟ್ಟಿತ್ತು. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಮಕ್ಕಳು ಮಕ್ಕಳಿಗೇ ಕೊಡುವ ಕಾಟವನ್ನು ತಡೆಯುವುದು ಹೇಗೆ ಎಂದು ಆ ದಿನ ಶಾಲೆಯಲ್ಲಿ ತರಬೇತಿ ಇತ್ತು. ತರಬೇತಿ ಮೇಡಂ ಬೆಳಿಗ್ಗೆಯೇ ಬಂದಿದ್ದರು. ಆದರೆ ವೇದಿಕೆಯ ಮೇಲೆ ಪುಂಡನ ಪಾತ್ರ ಮಾಡಬೇಕಾಗಿದ್ದ ಅವರ ಸಹಾಯಕ ಮನೆಯಲ್ಲಿ ಬಿಸಿನೀರು ಮುಕ್ಕಳಿಸುತ್ತಾ ಕೂತಿದ್ದ.

"ಪುಂಡ ಇಲ್ದೆ ತರಬೇತಿ ನಡೆಯಲ್ಲ. ನಿಮ್ಮಲ್ಲೇ ಯಾರನ್ನಾದ್ರೂ ಕೊಡಿ" ಎಂದರು ಅವರು.

ಹೆಡ್ ಮೇಡಂ ಸ್ಟಾಫ್ ರೂಮಿನ ಸುತ್ತ ಕಣ್ಣಾಡಿಸಿದರು. ಗಣಿತದ ಟೀಚರ್‌ಗೆ ತಿದ್ದಬೇಕಾದ ನೋಟ್‌ಬುಕ್ಕುಗಳು ಥಟ್ಟನೆ ನೆನಪಾದವು. ಪಿ.ಟಿ. ಮೇಷ್ಟ್ರು ಮಾತ್ರ ಲೈಬ್ರರಿ ಮೇಷ್ಟ್ರ ಬೆನ್ನಿಗೊಂದು ಗುದ್ದು ಕೊಟ್ಟು, "ಇವ್ರಿದ್ದಾರಲ್ಲ ಮೇಡಂ, ನಮ್ಮ ಇಲಿರಾಯರು!" ಎಂದರು.

ಎಲ್ಲರೂ ನಕ್ಕರು. ಲೈಬ್ರರಿ ಮೇಷ್ಟ್ರೂ ನಕ್ಕರು. ಹನ್ನೊಂದು ವರ್ಷದಿಂದ ಅವರು ಹೀಗೆ ನಗುತ್ತಲೇ ಬಂದಿದ್ದರು. ತಮ್ಮ ಕುರ್ಚಿಯಲ್ಲಿ ಪಿ.ಟಿ. ಮೇಷ್ಟ್ರು ಕಾಲು ಚಾಚಿ ಕೂತರೂ ನಗು, ತಮ್ಮ ಕೊಡೆ ಅವರ ಜೊತೆ ಮನೆಗೆ ಹೋದರೂ ನಗು. ಪಿ.ಟಿ. ಮೇಷ್ಟ್ರ ಪ್ರಕಾರ ಅದು ಸಲುಗೆ.

ಲೈಬ್ರರಿ ಮೇಷ್ಟ್ರಿಗಿದ್ದ ಸಮಾಧಾನ ಒಂದೇ. ಇದ್ಯಾವುದೂ ಮಕ್ಕಳಿಗೆ ಗೊತ್ತಿಲ್ಲ. ಲೈಬ್ರರಿಯ ಹೊಸ್ತಿಲು ದಾಟಿದರೆ ಅವರು ದೊಡ್ಡ ಮನುಷ್ಯ. ತುಟಿಯ ಮೇಲೆ ಬೆರಳಿಟ್ಟರೆ ಸಾಕು, ನಲವತ್ತು ಬಾಯಿಗೆ ಬೀಗ. ಸ್ಟಾಫ್ ರೂಮಿನಲ್ಲಿ ಹೋದ ಮಾನ ಅಲ್ಲಿ ಉಳಿದಿತ್ತು. ಅದನ್ನವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು.

ಹತ್ತು ಗಂಟೆಗೆ ಮುನ್ನೂರು ಮಕ್ಕಳ ಮುಂದೆ ಅವರನ್ನು ನಿಲ್ಲಿಸಲಾಯಿತು. ಪುಂಡ ಒಂದು ಮಗುವಿನ ಊಟದ ಡಬ್ಬಿ ಕಿತ್ತುಕೊಳ್ಳಬೇಕು. ಮಗು ಗಟ್ಟಿಯಾಗಿ ಮೂರು ಮಾತು ಹೇಳಬೇಕು: "ನಿಲ್ಲಿಸು. ನನಗಿದು ಇಷ್ಟ ಇಲ್ಲ. ದೊಡ್ಡವರಿಗೆ ಹೇಳ್ತೀನಿ."

ಲೈಬ್ರರಿ ಮೇಷ್ಟ್ರು ಮೂರನೇ ಕ್ಲಾಸಿನ ಒಬ್ಬ ಗುಂಡನ ಹತ್ತಿರ ಹೋಗಿ ಬಗ್ಗಿದರು. "ಮಗೂ, ನಿನ್ನ ಡಬ್ಬಿ ಸ್ವಲ್ಪ ಕೊಡ್ತೀಯಾ? ಆಮೇಲೆ ವಾಪಸ್ ಕೊಡ್ತೀನಿ."

"ತಗೊಳ್ಳಿ ಸರ್. ಸ್ಪೂನ್ ಬೇಕಾ?"

ಹಾಲ್ ತುಂಬ ನಗು. "ಸರ್, ಕಿತ್ಕೋಬೇಕು. ಸಾಲ ಕೇಳೋದಲ್ಲ" ಎಂದರು ತರಬೇತಿ ಮೇಡಂ. ಎರಡನೇ ಸಲ ಮೇಷ್ಟ್ರು, "ಏಯ್, ಕೊಡು!" ಎಂದು ಅಬ್ಬರಿಸಿ, ತಮ್ಮ ದನಿಗೆ ತಾವೇ ಬೆಚ್ಚಿ, "ಸಾರಿ ಮಗೂ" ಅಂದುಬಿಟ್ಟರು. ಮೂರನೇ ಸಲ ಮೈಕಿನ ವೈರ್‌ಗೆ ಕಾಲು ಸಿಕ್ಕಿ ಬಿದ್ದರು. ಕಾಟ ಅನುಭವಿಸಬೇಕಾದ ಮಗುವೇ ಅವರನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟಿತು.

ಆಗ ನಾಲ್ಕನೇ ಕ್ಲಾಸಿನ ಕನ್ನಡಕದ ಹುಡುಗಿ ಎದ್ದು ನಿಂತಳು. "ಮೇಡಂ, ಸರ್‌ಗೆ ಬರ್ತಾ ಇಲ್ಲ. ನಾನು ಹೇಳ್ಕೊಡ್ಲಾ?"

ಮೇಲೆ ಬಂದವಳು ಪಾಠ ಒಪ್ಪಿಸುವಷ್ಟು ಸಲೀಸಾಗಿ ಶುರು ಮಾಡಿದಳು. "ಸರ್, ಕೇಳಲೇಬಾರದು. ಹೆಗಲ ಮೇಲೆ ಕೈ ಹಾಕ್ಬೇಕು, ಫ್ರೆಂಡ್ ಥರ. ಡಬ್ಬಿ ತೆಗೆದು ನಿಂತ್ಕೊಂಡೇ ತಿನ್ನಬೇಕು. ತಿಂತಾ ತಿಂತಾ, ಉಪ್ಪು ಕಮ್ಮಿ ಅಂತ ಬೈಬೇಕು. ಆಮೇಲೆ ಏನಾದ್ರೂ ಅಡ್ಡಹೆಸರು ಹೇಳಿ ಎಲ್ಲರನ್ನೂ ನಗಿಸ್ಬೇಕು. ಎಲ್ಲರೂ ನಕ್ರೆ ಡಬ್ಬಿಯವರೂ ನಗ್ತಾರೆ. ಅವರು ನಕ್ಕುಬಿಟ್ರೆ ಮುಗೀತು, ಇನ್ಯಾರೂ ಏನೂ ಕೇಳಲ್ಲ."

ಹೆಡ್ ಮೇಡಂ ಹುಬ್ಬು ಗಂಟಿಕ್ಕಿದರು. "ಇಷ್ಟೆಲ್ಲಾ ಎಲ್ಲಿ ಕಲ್ತೆ? ಯಾರ ಡಬ್ಬಿ ತಿಂದಿದ್ದೀಯ, ಹೇಳು!"

ಲೈಬ್ರರಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಪುಸ್ತಕದ ಹಾಳೆ ಮಡಿಸದೆ ವಾಪಸ್ ಕೊಡುತ್ತಿದ್ದ ಏಕೈಕ ಮಗು ಅದು. ಅವರು ಅಡ್ಡ ನಿಂತರು. "ಗದರಬೇಡಿ ಮೇಡಂ. ಹೆದರ್ಬೇಡ ಮಗೂ, ಎಲ್ಲರ ಮುಂದೆ ನಿಜ ಹೇಳ್ಬಿಡು. ನಾನಿದ್ದೀನಿ."

"ನಾನು ಯಾರದ್ದೂ ತಿಂದಿಲ್ಲ ಸರ್. ನಮ್ಮ ಕ್ಲಾಸಿನ ಕಿಟಕಿಯಿಂದ ಸ್ಟಾಫ್ ರೂಮ್ ಕಾಣುತ್ತೆ. ಪಿ.ಟಿ. ಸರ್ ನಿಮಗೆ ದಿನಾ ಮಾಡ್ತಾರಲ್ಲ, ಅದನ್ನೇ ಹೇಳ್ಕೊಟ್ಟೆ."

"ನಾವೂ ನೋಡಿದ್ದೀವಿ!" ಎಂದಿತು ಇಡೀ ನಾಲ್ಕನೇ ಕ್ಲಾಸು. ಆರನೇ ಕ್ಲಾಸಿನವರು ಮೆಟ್ಟಿಲ ಮೇಲಿಂದ ನೋಡಿದ್ದರಂತೆ. ಒಂದನೇ ಕ್ಲಾಸಿನವರಿಗೂ ಉಪ್ಪಿನ ವಿಷಯ ಗೊತ್ತಿತ್ತು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಲೈಬ್ರರಿ ಮೇಷ್ಟ್ರಿಗೆ. ಬಾಯಿಬಿಟ್ಟದ್ದು ತರಬೇತಿ ಮೇಡಂ. "ಎಂಥಾ ಒಳ್ಳೆ ಉದಾಹರಣೆ! ಪಿ.ಟಿ. ಸರ್, ಮೇಲೆ ಬನ್ನಿ. ಲೈಬ್ರರಿ ಸರ್, ಈಗ ನೀವು ಇವರಿಗೆ ಆ ಮೂರು ಮಾತು ಹೇಳಿ."

ಪಿ.ಟಿ. ಮೇಷ್ಟ್ರು ಎದುರು ಬಂದು ನಿಂತರು. ಮುನ್ನೂರು ಮಕ್ಕಳು ಕತ್ತು ಚಾಚಿದರು.

"ನಿಲ್ಲಿಸಿ..." ಎಂದರು ಲೈಬ್ರರಿ ಮೇಷ್ಟ್ರು. ಮಕ್ಕಳು ಚಪ್ಪಾಳೆ ತಟ್ಟಿದರು. ಪಿ.ಟಿ. ಮೇಷ್ಟ್ರು ಒಂದು ಹುಬ್ಬು ಮೇಲೇರಿಸಿದರು.

"...ಅಂತ ಹೇಳು ಅಂತಿದ್ದಾರೆ. ನಿಮಗೇನೂ ಬೇಜಾರಿಲ್ವಲ್ಲ?" ಎಂದು ಮಾತು ಮುಗಿಸಿ ಮೇಷ್ಟ್ರು ನಕ್ಕರು. ಈ ಸಲ ಅವರ ಜೊತೆ ಯಾರೂ ನಗಲಿಲ್ಲ. ಕನ್ನಡಕದ ಹುಡುಗಿಯ ಕಣ್ಣು ತುಂಬಿತ್ತು. ಅದನ್ನು ನೋಡಿ ಅವರಿಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಜಕ್ಕೂ ನಾಚಿಕೆಯಾಯಿತು.

ಮಧ್ಯಾಹ್ನ ಹೆಡ್ ಮೇಡಂ ಇಬ್ಬರನ್ನೂ ಕರೆಸಿದರು. ಪಿ.ಟಿ. ಮೇಷ್ಟ್ರಿಗೆ ಚೆನ್ನಾಗಿ ಮಂಗಳಾರತಿ ಆಯಿತು. ಅವರು ತಲೆ ತಗ್ಗಿಸಿ, ಇನ್ನು ಮುಂದೆ ಹಾಗೆಲ್ಲ ಮಾಡುವುದಿಲ್ಲ ಎಂದರು. ಲೈಬ್ರರಿ ಮೇಷ್ಟ್ರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಆದ್ರೆ ನಿಮ್ಮದೂ ತಪ್ಪಿದೆ," ಎಂದು ಹೆಡ್ ಮೇಡಂ ಅವರತ್ತ ತಿರುಗಿದರು. "ಮೂರು ಮಾತು ಬಾಯಲ್ಲಿ ಬರಲ್ಲ ಅಂದ್ರೆ ಹೇಗೆ? ನಾಳೆಯಿಂದ ಮೊದಲನೇ ಪೀರಿಯಡ್ ಒಂದನೇ ಕ್ಲಾಸಿನ ಜೊತೆ ನಿಂತು ಅಭ್ಯಾಸ ಮಾಡಿ. ಒಂದು ತಿಂಗಳು."

ಆರು ವರ್ಷದ ಮಕ್ಕಳ ಸಾಲಿನಲ್ಲಿ ನಿಲ್ಲುವುದು. ಆಗಲಿ, ಉಳಿದಿದ್ದ ಮಾನ ಹೇಗೂ ಹೋಯಿತು, ಬಾಯಾದರೂ ಬರಲಿ ಎಂದುಕೊಂಡರು ಲೈಬ್ರರಿ ಮೇಷ್ಟ್ರು. "ಆಗ್ಲಿ ಮೇಡಂ. ಅಭ್ಯಾಸ ಮಾಡಿಸೋದು ತಾವೇನಾ?"

"ನನಗೆಲ್ಲಿ ಪುರುಸೊತ್ತು?" ಹೆಡ್ ಮೇಡಂ ಗೋಡೆಯ ಟೈಮ್ ಟೇಬಲ್ ನೋಡಿದರು. "ಒಂದನೇ ಕ್ಲಾಸಿಗೆ ಮೊದಲನೇ ಪೀರಿಯಡ್ ಪಿ.ಟಿ. ಅಲ್ವಾ? ಇವರೇ ಮಾಡಿಸ್ತಾರೆ."

ಪಿ.ಟಿ. ಮೇಷ್ಟ್ರು ತಗ್ಗಿಸಿದ ತಲೆಯನ್ನು ನಿಧಾನವಾಗಿ ಎತ್ತಿದರು.

"ಬರುವಾಗ ಡಬ್ಬಿ ತಗೊಂಡು ಬನ್ನಿ ಸರ್," ಎಂದರು ಬಹಳ ಮರ್ಯಾದೆಯಿಂದ, "ಅಭ್ಯಾಸಕ್ಕೆ ಬೇಕಾಗುತ್ತೆ."