ದೊರೆಯ ಎಂಟು ನಿಮಿಷದ ಊಟ

ಬೇಗ ಉಣ್ಣುವುದು ನನ್ನ ದುರ್ಗುಣ. ಕುಡಿತ, ಇಸ್ಪೀಟು ಇದ್ದವರನ್ನೂ ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಆದರೆ ಪಕ್ಕದ ಎಲೆಯವನು ಸಾರಿಗೆ ಕೈ ಹಾಕುವಷ್ಟರಲ್ಲಿ ಮಜ್ಜಿಗೆ ಮುಗಿಸಿ ಕೂತವನನ್ನು ಯಾರೂ ಮೆಚ್ಚುವುದಿಲ್ಲ. "ಯಾರೋ ಕಿತ್ಕೊಂಡು ಹೋಗ್ತಾರೆ ಅನ್ನೋ ಹಂಗೆ ತಿಂತೀರಲ್ಲ" ಎಂದು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಹೇಳಿದ್ದಳು. ನಮ್ಮ ಮನೆತನದ ಮಟ್ಟಿಗೆ ಆ ಭಯ ತೀರ ಸುಳ್ಳೇನಲ್ಲ. ಒಮ್ಮೆ ಎಲ್ಲವನ್ನೂ ಕಿತ್ತುಕೊಂಡು ಹೋಗಿದ್ದಾರೆ.

ನಾವು ಪಾಳೆಯಗಾರರು. ಅಂದರೆ, ಆಗಿದ್ದೆವು. ಆವತಿಯಿಂದ ಸ್ವಲ್ಪ ಆಚೆಗಿರುವ ಹಳ್ಳಿಯಲ್ಲಿ ನಮ್ಮದೊಂದು ಮಣ್ಣಿನ ಕೋಟೆ, ಸುತ್ತಲಿನ ಕೆಲವು ಊರು, ಒಂದಿಷ್ಟು ಕುದುರೆ ಇದ್ದವಂತೆ. ಯಾವುದೋ ಕಾಲದಲ್ಲಿ ದೊಡ್ಡ ಸೈನ್ಯವೊಂದು ಬಂದು ಒಂದೇ ಬೆಳಗ್ಗೆ ಎಲ್ಲವನ್ನೂ ಮುಗಿಸಿ ಹೋಯಿತು. ನಮ್ಮ ಅಜ್ಜಿ ಮಾತ್ರ ಮೂರು ದಿನ ಯುದ್ಧವಾಯಿತು ಎಂದೇ ಹೇಳುತ್ತಿದ್ದಳು. ಕಂದಕವಿದ್ದ ಜಾಗದಲ್ಲಿ ಈಗ ಬಡಾವಣೆ ಎದ್ದಿದೆ. ಅದರ ಫಲಕದ ಮೇಲೆ "ರಾಜರ ಹಾಗೆ ಬಾಳಿ" ಎಂದು ಬರೆಸಿದ್ದಾರೆ. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ಅಲ್ಲಿನ ಸೈಟಿನ ಬೆಲೆ ಕೇಳುವ ಧೈರ್ಯವೂ ನನಗಿಲ್ಲ. ನಾನಿರುವುದು ನೆಲಮಂಗಲದ ಬಾಡಿಗೆ ಮನೆಯಲ್ಲಿ, ದುಡಿಯುವುದು ದಾಬಸ್‌ಪೇಟೆಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ. ನನ್ನ ಪೂರ್ತಿ ಹೆಸರು ಇಮ್ಮಡಿ ಕೆಂಚರಾಯ. ಕಾರ್ಖಾನೆಯವರು ಇಮ್ಮಡಿ ಎಂಬುದು ಊರಿನ ಹೆಸರಿರಬೇಕೆಂದುಕೊಂಡು ಗುರುತಿನ ಚೀಟಿಯಲ್ಲಿ "ಐ. ಕೆಂಚರಾಯ" ಮಾಡಿದ್ದಾರೆ. ಬೇಗ ಉಣ್ಣುವುದನ್ನು ಕಲಿಸಿದ್ದೂ ಅವರೇ. ಊಟಕ್ಕೆ ಅರ್ಧ ಗಂಟೆ ಬಿಡುತ್ತಾರೆ. ಕ್ಯಾಂಟೀನಿನ ಸಾಲಿನಲ್ಲಿ ಇಪ್ಪತ್ತು ನಿಮಿಷ, ಕೈ ತೊಳೆಯಲು ಎರಡು, ಉಳಿದದ್ದು ಎಂಟು. ಆ ಎಂಟರಲ್ಲಿ ಉಂಡು ಉಂಡು ನನ್ನ ಹೊಟ್ಟೆಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

ಊರಿನಲ್ಲಿ ಮಾತ್ರ ನಾನು ಇನ್ನೂ ದೊರೆ. ಬಸ್ಸಿನಿಂದ ಇಳಿದರೆ ಅರಳಿಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಾರೆ. ಕೈ ಮುಗಿದ ಮೇಲೆ, "ನಿಮ್ ಫ್ಯಾಕ್ಟ್ರೀಲಿ ಯಾವ್ದಾದ್ರೂ ಕೆಲ್ಸ ಖಾಲಿ ಐತಾ ದೊರೆ?" ಎಂದು ವಿಚಾರಿಸುತ್ತಾರೆ. ಅಧಿಕಾರ ಎಂದು ಉಳಿದಿರುವುದು ಒಂದೇ. ಊರಿನ ಯಾವ ಶುಭಕಾರ್ಯದ ಊಟವಾದರೂ ಮೊದಲ ಎಲೆ ನಮ್ಮದು. ದೊರೆ ತುತ್ತು ಬಾಯಿಗಿಡುವವರೆಗೆ ಬೇರೆ ಯಾರೂ ಎಲೆಗೆ ಕೈ ಹಾಕುವುದಿಲ್ಲ. ಅಪ್ಪ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದುಕೊಂಡೇ ಈ ರಾಜ್ಯಭಾರವನ್ನು ಜೀವನಪೂರ್ತಿ ನಡೆಸಿದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಮೊದಲ ಎಲೆ ನನಗೆ ಬಂತು.

ನನ್ನ ಪಟ್ಟಾಭಿಷೇಕ ನಡೆದದ್ದು ನಂಜೇಗೌಡರ ಮನೆಯ ಬೀಗರೂಟದಲ್ಲಿ. ಗೌಡರು ಮಗನಿಗೆ ಹೊಸಕೋಟೆ ಕಡೆಯ ಹೆಣ್ಣು ತಂದಿದ್ದರು. ಬೀಗರು ಎರಡು ಬಸ್ಸಿನಲ್ಲಿ ಬಂದಿದ್ದರು. ಶಾಮಿಯಾನದ ಕೆಳಗೆ ಉದ್ದಕ್ಕೆ ಟೇಬಲ್ಲು ಜೋಡಿಸಿ, ನನ್ನ ಪ್ಲಾಸ್ಟಿಕ್ ಕುರ್ಚಿಗೆ ಮಾತ್ರ ಹೊಸ ಟವೆಲೊಂದನ್ನು ಹೊದಿಸಿದ್ದರು. ಸಿಂಹಾಸನವೆಂದರೆ ಅದೇ. ಅಮ್ಮ ಎರಡನೇ ಪಂಕ್ತಿಗೆ ಕಾಯುತ್ತ ಹಿಂದೆ ಕೂತಿದ್ದಳು. ದೊರೆಗೆ ಮೊದಲು ಎಂದು ಬಡಿಸುವವರು ಮುದ್ದೆ, ಸಾರು, ಚಾಪ್ಸು, ಅನ್ನ, ಮಜ್ಜಿಗೆ ಎಲ್ಲವನ್ನೂ ಒಂದರ ಹಿಂದೆ ಒಂದು ನನ್ನಲ್ಲಿಗೇ ತಂದರು. ನಾನು ಮೊದಲ ತುತ್ತು ಬಾಯಿಗಿಟ್ಟೆ, ಊರು ಕೈ ಹಾಕಿತು. ಅಲ್ಲಿಂದ ಮುಂದಿನದು ನನ್ನ ಹತೋಟಿಯಲ್ಲಿರಲಿಲ್ಲ. ಎಲೆ ಖಾಲಿಯಾಯಿತು, ಮಡಚಿದೆ, ಎದ್ದೆ.

ಗರಗರ ಎಂದು ಕುರ್ಚಿಗಳು ಸರಿದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಪಂಕ್ತಿಗೆ ಪಂಕ್ತಿಯೇ ಎದ್ದು ನಿಂತಿದೆ. ಎಲೆಗಳ ಮೇಲೆ ಮುಕ್ಕಾಲು ಮುದ್ದೆ ಹಾಗೇ ಇದೆ. ಚಾಪ್ಸಿನ ಬಕೆಟ್ಟು ಇನ್ನೂ ನಡುದಾರಿಯಲ್ಲಿದೆ. ನಮ್ಮೂರ ಪಂಚಾಯಿತಿ ಸದಸ್ಯ ಬಾಯಲ್ಲಿದ್ದ ಮೂಳೆಯನ್ನು ಏನು ಮಾಡುವುದೆಂದು ತೋಚದೆ ಕಚ್ಚಿಕೊಂಡೇ ನಿಂತಿದ್ದ. ಮೊದಲ ತುತ್ತಿನ ನಿಯಮ ನನಗೆ ಗೊತ್ತಿತ್ತು. ದೊರೆ ಎದ್ದರೆ ಊಟ ಮುಗಿದಂತೆ, ಯಾರೂ ಕೂತಿರಬಾರದು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪನ ಜೊತೆಗೇ ಎಲ್ಲರ ಊಟವೂ ಮುಗಿಯುತ್ತಿದ್ದದ್ದನ್ನು ನೋಡಿ, ಅದು ತಾನಾಗಿಯೇ ಆಗುವುದೆಂದುಕೊಂಡಿದ್ದೆ.

ನಂಜೇಗೌಡರು ಓಡಿ ಬಂದರು. ಅವರ ಕಣ್ಣಲ್ಲಿ ನೀರಿತ್ತು. "ಏನ್ ತಪ್ಪಾಯ್ತು ದೊರೆ? ಉಪ್ಪು ಜಾಸ್ತಿ ಆಯ್ತಾ? ನಮ್ ಮನೆ ಊಟ ಒಪ್ಪಲಿಲ್ವಾ?" ಎಂದರು. ಅಷ್ಟರಲ್ಲಿ ಹೆಣ್ಣಿನ ತಂದೆ ಹೆಗಲ ಮೇಲಿನ ಟವೆಲನ್ನು ಒದರಿ, "ಏನ್ರೀ ಗೌಡ್ರೇ, ಎಲೆ ಮುಂದೆ ಕೂರ್ಸಿ ಎಬ್ಬಿಸ್ತೀರಾ? ನಮ್ ಕಡೆ ಹಿಂಗೆಲ್ಲಾ ಮಾಡಲ್ಲ. ನಡೀರೋ, ಬಸ್ ಹತ್ರಕ್ಕೆ ನಡೀರಿ!" ಎಂದು ತಮ್ಮವರನ್ನು ಕರೆದರು. ಬಾಗಿಲಲ್ಲಿ ನಿಂತಿದ್ದ ಮದುಮಗಳು ಅಪ್ಪನ ಮುಖ ಒಮ್ಮೆ, ಮಾವನ ಮುಖ ಒಮ್ಮೆ ನೋಡಿ ಅಳತೊಡಗಿದಳು. ಅವಳು ಆ ಮನೆಗೆ ಬಂದು ಇನ್ನೂ ಎರಡು ದಿನವಾಗಿರಲಿಲ್ಲ. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ನನ್ನ ಹೊಟ್ಟೆಬಾಕತನದಿಂದ ಒಂದು ಹುಡುಗಿಯ ಸಂಸಾರ ಮೊದಲ ವಾರದಲ್ಲೇ ಕೆಡುವುದರಲ್ಲಿತ್ತು.

ಅಮ್ಮ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಳು. "ನಿಮ್ಮಪ್ಪ ಮುಕ್ಕಾಲು ಗಂಟೆ ಉಣ್ತಿದ್ರು. ಯಾಕೆ ಅನ್ಕೊಂಡಿದ್ದೀಯ? ಕೊನೇ ಎಲೇಲಿ ಕೂತೋರ ಹೊಟ್ಟೆ ತುಂಬೋವರ್ಗೂ ಅವ್ರು ಏಳ್ತಿರ್ಲಿಲ್ಲ. ಹೋಗು, ಕೂತ್ಕೊ" ಎಂದಳು. ಅಪ್ಪ ಈ ಮಾತನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಅವರನ್ನು ಬರೀ ನಿಧಾನಸ್ಥರು ಎಂದುಕೊಂಡಿದ್ದೆ.

ಸ್ಟೋರ್ಸ್‌ನಲ್ಲಾಗಲಿ ಮನೆಯಲ್ಲಾಗಲಿ ನಾನು ಯಾರಿಗೂ ಅಪ್ಪಣೆ ಕೊಟ್ಟವನಲ್ಲ. ಅವತ್ತು ಕೊಟ್ಟೆ. "ಎಲ್ಲಾರೂ ಕೂತ್ಕೊಳ್ಳಿ! ಊಟ ಮುಗ್ಸಿ ಎದ್ದಿದ್ದಲ್ಲ ನಾನು, ಕಾಲು ಜೋಮು ಹಿಡೀತು ಅಷ್ಟೇ. ಗೌಡ್ರೇ, ಎಲ್ಲಾರ್ಗೂ ಹೊಸ ಎಲೆ ಹಾಕ್ಸಿ. ಬೀಗರೇ, ನೀವು ಬನ್ನಿ, ನನ್ ಪಕ್ಕದಲ್ಲೇ ಕೂತ್ಕೊಳ್ಳಿ" ಎಂದೆ. ನನಗೇ ಆಶ್ಚರ್ಯವಾಗುವಂತೆ ಎಲ್ಲರೂ ಕೂತರು. ಹೆಣ್ಣಿನ ತಂದೆ ಮುಖ ಊದಿಸಿಕೊಂಡೇ ಬಂದು ಪಕ್ಕದಲ್ಲಿ ಕೂತರು.

ಆಮೇಲೆ ಶುರುವಾಯಿತು ನನ್ನ ಎರಡನೇ ಊಟ. ಕೊನೆಯ ಎಲೆಯಲ್ಲಿ ಊರಿಗೇ ಹಿರಿಯಳಾದ ಪುಟ್ಟಮ್ಮಜ್ಜಿ ಕೂತಿದ್ದಳು. ಅಪ್ಪನ ಹಾಗೆ ನಾನೂ ಅವಳ ಕೈಯ ಮೇಲೇ ಕಣ್ಣಿಟ್ಟು ಕಡಲೆಕಾಳಿನಷ್ಟು ಮುದ್ದೆ ಮುರಿದು ಬಾಯಿಗೆ ಹಾಕುತ್ತ ಹೋದೆ. ಎಲೆ ಖಾಲಿ ಕಂಡರೆ ಬಡಿಸುವವರು ಓಡಿ ಬರುತ್ತಿದ್ದರು. ಬೀಗರ ಮುಖದ ಊತ ಸ್ವಲ್ಪ ಸ್ವಲ್ಪವೇ ಇಳಿಯಿತು. ತಮ್ಮ ಬೋರ್‌ವೆಲ್ಲಿನ ಕತೆ ಹೇಳಿ ಮುಗಿಸಿದರು. ಎಲ್ಲರ ಕೈಯೂ ಒಣಗಿತು. ಅಜ್ಜಿ ಮಾತ್ರ ಇನ್ನೂ ಅನ್ನ ಕಲಸುತ್ತಲೇ ಇದ್ದಳು. ನನ್ನ ಹೊಟ್ಟೆ ಬಿರಿಯುವ ಹಾಗಿತ್ತು. ಆದರೂ ವಂಶದ ಮರ್ಯಾದೆ ಎಂದುಕೊಂಡು ಇನ್ನೊಂದು ತುತ್ತು ನುಂಗಿದೆ.

ಕಡೆಗೆ ಅಲ್ಲಿಂದಲೇ ಅಜ್ಜಿ ಕೂಗಿದಳು: "ಏಯ್ ದೊರೆ! ಇನ್ನೂ ಎಷ್ಟೊತ್ತು ಉಣ್ತೀಯಪ್ಪಾ? ನನ್ ಹೊಟ್ಟೆ ತುಂಬಿ ಯಾವ್ ಕಾಲ ಆಯ್ತು! ನೀನೊಬ್ನೇ ಉಣ್ತಾ ಕೂತ್ರೆ ನಿಂಗೆ ನಾಚ್ಕೆ ಆಗ್ತೈತೇನೋ ಅಂತ ಸುಮ್ನೆ ಅನ್ನ ಕಲಸ್ತಾ ಕೂತಿವ್ನಿ."

"ನಾನು ನಿಂಗೋಸ್ಕರ ಕಾಯ್ತಿದ್ದೆ ಅಜ್ಜಿ. ಅಪ್ಪನೂ ಹಿಂಗೇ ಕಾಯ್ತಿದ್ರಂತೆ" ಎಂದೆ.

"ಯಾರು, ನಿಮ್ಮಪ್ಪನಾ? ಅವ್ರಿಗೆ ಹಲ್ಲೆಲ್ಲಿತ್ತು? ಒಂದು ತುಂಡು ಅಗಿಯಕ್ಕೆ ಕಾಲ್ಗಂಟೆ ಬೇಕಾಗಿತ್ತು. ಪಾಪ ಅಂತ ನಾವೇ ಎಲ್ಲಾ ನಿಧಾನಕ್ಕೆ ಉಣ್ತಿದ್ವಿ!"

ಶಾಮಿಯಾನವೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಹೆಣ್ಣಿನ ತಂದೆ. ನಗುತ್ತಲೇ ನಂಜೇಗೌಡರ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಮದುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ತಾನೂ ನಕ್ಕಳು. ನಾನು ಅಮ್ಮನ ಕಡೆ ನೋಡಿದೆ. ಅವಳು ತಲೆಯ ಮೇಲಿನ ಶಾಮಿಯಾನದ ಹೂವಿನ ಚಿತ್ತಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಇಬ್ಬರಲ್ಲಿ ಯಾರ ಮಾತು ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕೈ ತೊಳೆಯುವಲ್ಲಿ ಅಜ್ಜಿಯನ್ನು ಕೇಳಿದೆ: "ಹಂಗಾದ್ರೆ ಈ ಪದ್ಧತಿ ಬಿಟ್ಬಿಡೋಣ್ವಾ ಅಜ್ಜಿ? ಸುಮ್ನೆ ಎಲ್ಲಾರ್ಗೂ ತೊಂದ್ರೆ."

ಅಜ್ಜಿ ಬಾಯಿ ಮುಕ್ಕಳಿಸಿ ಉಗಿದು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಕನಿಕರದಿಂದ ನೋಡಿದಳು. "ಬಿಡಾನ ಬಿಡು. ಆಮೇಲೆ ಊಟಕ್ಕೆ ನಿನ್ನ ಯಾರು ಕರೀತಾರಪ್ಪಾ?" ಎಂದಳು.

ಬರುವ ಬುಧವಾರ ಅವಳ ಮೊಮ್ಮಗಳ ಬೀಗರೂಟ. ಅರ್ಧ ದಿನ ಸಾಲುವುದಿಲ್ಲವೆಂದು ಕಾರ್ಖಾನೆಗೆ ಪೂರ್ತಿ ದಿನದ ರಜೆ ಬರೆದುಕೊಟ್ಟಿದ್ದೇನೆ.