ಲಿಂಬಿಹಣ್ಣು ಹಿಂಡಿದ ಉಸುಕು

ಹುಚ್ಚಪ್ಪನಿಗೆ ಬೆಳಗ್ಗೆಯೇ ಪಿತ್ತ ನೆತ್ತಿಗೇರಿತ್ತು. ಗಜೇಂದ್ರಗಡದಲ್ಲಿ ಸೀರೆ ನೇಯುವ ಮನುಷ್ಯ, ಮಗ್ಗ ಬಿಟ್ಟು ಬಾಗಿಲ ಮುಂದೆ ಕೂತು ಉಸುಕು ತೊಳೆಯುತ್ತಿದ್ದ. ಮಗಳು ಬನಶ್ರೀ ಸಾಲಿಗೆ ಹೋಗುವಾಗ ಬಕೀಟಿನೊಳಗಿನ ಮೀಸೆ ಮೀನನ್ನು ತೋರಿಸಿ, "ಅಪ್ಪಾ, ಇದೂ ಸತ್ರ ನಿನ್ನ ಕೂಡ ಮಾತಾಡಂಗಿಲ್ಲ ನೋಡ" ಎಂದು ಹೇಳಿಯೇ ಹೋಗಿದ್ದಳು.

ಹಿಂದಿನ ಮೀನನ್ನು ಕೊಂದದ್ದು ಇವನೇ. ಯಾರೋ ಮನೆ ಕಟ್ಟಲು ಹಾಕಿಸಿದ್ದ, ಕಲ್ಲು ಒಡೆದು ಮಾಡಿದ ಚೂಪು ಕ್ರಷರ್ ಉಸುಕನ್ನು ತಂದು ಗಾಜಿನ ಪೆಟ್ಟಿಗೆಗೆ ಸುರಿದಿದ್ದ. ನೆಲ ಕೆದರಿ ತಿನ್ನುವ ಮೀನು, ಹೊಟ್ಟೆಯೆಲ್ಲ ಗೀರಿಕೊಂಡು ತೇಲಿತು.

ಮೀನು ಮಾರುವ ಅಲ್ತಮಶ ಈ ಸಲ ಬೈದೇ ಹೇಳಿದ್ದ: "ಹೊಳಿ ಉಸುಕು ತರಸ್ರಿ ಕಾಕಾ, ನುಣ್ಣಗಿರಬೇಕ. ತಿಳಿನೀರು ಬರೂತನಾ ತೊಳೀರಿ. ಆಮ್ಯಾಲ ಲಿಂಬಿಹಣ್ಣು ಹಿಂಡಿ ನೋಡ್ರಿ. ಬುರುಬುರು ನೊರಿ ಬಂದ್ರ ಸುಣ್ಣ ಐತಿ, ಬ್ಯಾಡ. ಸುಮ್ಮನಿದ್ರ ಚಲೋ ಉಸುಕು."

ಕೊಣ್ಣೂರಿನ ಷಡ್ಡಕ ಹೊಳೆಯ ಉಸುಕನ್ನು ಬಸ್ಸಿಗೆ ಹಾಕಿ ಕಳಿಸಿದ್ದ. ಹುಚ್ಚಪ್ಪ ಅದನ್ನು ಅಕ್ಕಿಯಂತೆ ತೊಳೆದು, ಗೋಣಿ ತಟ್ಟಿನ ಮೇಲೆ ಹರವಿ, ಲಿಂಬಿಹಣ್ಣು ಹಿಂಡಿ, ಮೂಗು ಹಚ್ಚಿ ನೋಡಿದ. ನೊರೆಯಿಲ್ಲ! ಖುಷಿಯಲ್ಲಿ ಸಿಪ್ಪೆ ಬೀಸಾಡಿದ. ಎದುರುಮನೆಯ ಹೊನ್ನವ್ವ ಆಗಲೇ ಹೊರಗೆ ಬರಬೇಕೇ? ಸಿಪ್ಪೆಯನ್ನು ತುಳಿದವಳೇ ರೋಣದ ಬಸ್ಸು ಬ್ರೇಕು ಹಾಕಿದಂತೆ ಚೀರಿದಳು.

"ನನ್ನ ಬಾಗಲದಾಗ ಲಿಂಬಿಹಣ್ಣ ಒಗದೀ? ಮಾಟ ಮಾಡ್ತೀ ಏನೋ ಭಾಡ್ಯಾ?"

"ಮೀನಿನ ಸಲವಾಗಿ ಹಿಂಡೀನಿ ಯಕ್ಕಾ!"

"ಮೀನಿಗೆ ಯಾರರೆ ಮಾಟ ಮಾಡ್ತಾರ? ನನ್ನ ಎಮ್ಮಿ ಹಾಲು ಕೊಡೂದು ಬಿಟ್ಟದ್ದು ಯಾಕಂತ ಈಗ ತಿಳೀತು!"

"ನಿನ್ನ ಎಮ್ಮಿಗೆ ನಿನ್ನಷ್ಟ ವಯಸ್ಸಾಗೇತಿ! ಅದಕ್ಕ ಮಾಟ ಯಾಕ ಬೇಕ?"

ಓಣಿಯೆಲ್ಲ ಕೂಡಿತು. ಕರೆಯದಿದ್ದರೂ ಪಂಚಾಯ್ತಿ ಮಾಡುವ ಶಿವನಪ್ಪ ಟಾವೆಲ್ ಝಾಡಿಸಿ ಮುಂದೆ ಬಂದ. "ಏ ಹುಚ್ಚಪ್ಪ, ಖರೇ ಹೇಳ. ಈ ಉಸುಕಿನಾಗ ಏನೈತಿ?"

"ಏನೂ ಇಲ್ಲರಿ!" ಹುಚ್ಚಪ್ಪನ ಕಣ್ಣು ಕೆಂಡವಾಗಿದ್ದವು. "ಕೆಟ್ಟದ್ದಿದ್ರ ನೊರಿ ಬರತೈತಿ. ನೋಡ್ರಿ, ಕಣ್ಣ ಬಿಟ್ಟ ನೋಡ್ರಿ!" ಉಸುಕಿನ ಮೇಲೆ ಇನ್ನೊಂದು ಲಿಂಬಿಹಣ್ಣು ಹಿಂಡಿದ. ಉಸುಕು ಸುಮ್ಮನಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ಸಿಟ್ಟು ಬಿಡಲಿಲ್ಲ. ಸುಣ್ಣ ಬಳಿದ ಹೊನ್ನವ್ವನ ಕಟ್ಟೆಯ ಮೇಲೂ ಹಿಂಡಿಬಿಟ್ಟ. ಬುರುಬುರು ನೊರೆ ಎದ್ದಿತು.

ಹೊನ್ನವ್ವನ ಮುಖ ಕಟ್ಟೆಗಿಂತ ಬಿಳುಪಾಯಿತು.

"ಯಪ್ಪಾ... ಮಾಟ ನನ್ನ ಮನ್ಯಾಗ ಐತಿ!"

"ಅದು ಸುಣ್ಣ ಯಕ್ಕಾ, ಸುಣ್ಣ!" ಎಂದು ಇವನು ಒದರಿದ. ಯಾರು ಕೇಳಬೇಕು? ಹೊನ್ನವ್ವ ಓಡಿಬಂದು, "ಮಾಟ ತಟ್ಟದ ಉಸುಕು, ನನಗೂ ಕೊಡ್ರಿ!" ಎಂದು ಅವನ ಕಾಲಿಗೆ ಬಿದ್ದು, ಏಳುವಾಗ ಸೆರಗಿನ ತುಂಬ ಉಸುಕು ಬಾಚಿಕೊಂಡಳು. ಶಿವನಪ್ಪ ಟಾವೆಲ್ಲಿನಲ್ಲಿ ಗಂಟು ಕಟ್ಟಿದ. ಉಳಿದವರು ತಂಬಿಗೆ, ಬುಟ್ಟಿ ಹಿಡಿದು ಮುಕುರಿದರು.

"ಬಿಡ್ರಿ! ಮೀನಿಂದ ಅದು! ನಿಮ್ಮ ಕೈ ಸೇದಿ ಹೋಗ್ಲಿ!"

"ಬೈರಿ ಅಪ್ಪಾರ, ಬೈರಿ. ನೀವು ಬೈದ್ರ ನಮಗ ಚಲೋನ ಆಗತೈತಿ" ಎಂದು ಶಿವನಪ್ಪ ಮಠದ ಸ್ವಾಮಿಗೆ ಮುಗಿದಂತೆ ಕೈಮುಗಿದ.

ಬರಿದಾದ ತಟ್ಟನ್ನು ಒದ್ದು ಒಳಗೆ ಬಂದರೆ, ಖಾಲಿ ಗಾಜಿನ ಪೆಟ್ಟಿಗೆಯ ಮುಂದೆ ಗದ್ದಲದೊಳಗೇ ಸಾಲಿ ಬಿಟ್ಟು ಬಂದ ಬನಶ್ರೀ, ಪಾಟೀಚೀಲ ಇಳಿಸದೆ ಮುಖ ಊದಿಸಿಕೊಂಡು ನಿಂತಿದ್ದಳು. ಪೆಟ್ಟಿಗೆಯ ಮೇಲೆ ಒಂದು ಕೆಂಪು ಬಟ್ಟೆಯ ಗಂಟು ಜೋತಾಡುತ್ತಿತ್ತು.

"ಏನಿದು?" ಎಂದು ಹೆಂಡತಿಯ ಮೇಲೆ ಗುಡುಗಿದ.

ಕಳಕವ್ವ ದನಿ ಇಳಿಸಿ ಹೇಳಿದಳು: "ಮಂದಿ ಬಾಚೂದರಾಗ ನಾನೂ ಒಂದ ಮುಟಗಿ ತಗದಿಟ್ಟೆರಿ. ನಮ್ಮ ಮೀನಿಗೆ ಯಾರ ಕಣ್ಣೂ ಬೀಳಬಾರದಲ್ಲ?"